ಪೂಜೆಗೆ ಕೂತ ಯಂತ್ರ

ನಮ್ಮ ನೆಂಟರಲ್ಲಿ ಒಂದು ಕತೆ ಚಲಾವಣೆಯಲ್ಲಿದೆ. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಎಲೆ ಹಾಕುವುದನ್ನು ಕಾಯುತ್ತ ಕೂತಾಗ ಯಾರಾದರೊಬ್ಬರು ಅದನ್ನು ಹೊರಗೆ ತೆಗೆದೇ ತೆಗೆಯುತ್ತಾರೆ. ಮದ್ರಾಸಿನ ವೆಸ್ಟ್ ಮಾಂಬಲಂನಲ್ಲಿ ಟೀ ಶರ್ಟಿಗೆ ಅಚ್ಚು ಹಾಕುವ ಅಣ್ಣತಮ್ಮಂದಿರಿದ್ದಾರಲ್ಲ, ಅವರಲ್ಲಿ ತಮ್ಮ ಹೊಸದಾಗಿ ತಂದ ಕಂಪ್ಯೂಟರ್ ಯಂತ್ರಕ್ಕೆ ಆಯುಧಪೂಜೆ ಮಾಡಿ ಅದರ ಪ್ರಾಣ ತೆಗೆದ. ಇಷ್ಟೇ ಕತೆ. ಎಲ್ಲರೂ ನಗುತ್ತಾರೆ. ಆ ತಮ್ಮ, ಅಂದರೆ ನನ್ನ ಚಿಕ್ಕಪ್ಪ, ಅಲ್ಲೇ ಇದ್ದರೆ ಅವರೂ ನಗುತ್ತಾರೆ.

ನಾನು ನಗುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿನ ಹೊಲಿಗೆ ಬಿಚ್ಚುವುದನ್ನೇ ಕಲಿತವಳು ನಾನು. ಮದುವೆಮನೆಯಲ್ಲೂ ಆ ಚಾಳಿ ಬಿಡುವುದಿಲ್ಲ. ಮೊದಲನೆಯದಾಗಿ, ಯಂತ್ರ ಸಾಯಲೇ ಇಲ್ಲ. ನಾನು ಇದನ್ನು ಬರೆಯುವ ಹೊತ್ತಿಗೂ ಅದು ಅಂಗಡಿಯ ಒಳಕೋಣೆಯಲ್ಲಿ ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು ಮಾಡುತ್ತ ಯಾರದೋ ಮಗುವಿನ ಹುಟ್ಟುಹಬ್ಬದ ಫೋಟೋವನ್ನು ಬನಿಯನ್ನಿಗೆ ಇಳಿಸುತ್ತಿದೆ. ಎರಡನೆಯದಾಗಿ, ಕುಂಕುಮ ಹಚ್ಚಿದ್ದು ಚಿಕ್ಕಪ್ಪ ಅಲ್ಲ, ಅಮ್ಮ. ಅದೂ ಮುಚ್ಚಳದ ಮೇಲೆ, ನಾಜೂಕಾಗಿ. ಕುಂಕುಮದಿಂದ ಯಾರೂ ಸತ್ತಿಲ್ಲ. ಮೂರನೆಯದು ಒಂದಿದೆ. ಅದು ವಾದವಲ್ಲ, ಅನುಮಾನ. ಅದಕ್ಕೆ ಆಮೇಲೆ ಬರುತ್ತೇನೆ.

ಇದೆಲ್ಲ ಈಗ ನೆನಪಾದದ್ದು ಒರೆಸುವ ಬಟ್ಟೆಯಿಂದ. ಬೆಳಿಗ್ಗೆ ಮೇಜಿನ ಧೂಳು ಹೊಡೆಯಲು ಕೈಗೆ ಸಿಕ್ಕದ್ದು ಕಪ್ಪು ಟೀ ಶರ್ಟಿನ ಬೆನ್ನಿನ ತುಂಡು. ಅದರ ಮೇಲೆ ‘ರಾಘು’ ಎಂಬ ಹೆಸರು ಬಿಳಿ ಬಣ್ಣದಲ್ಲಿ ಎರಡು ಸಲ ಇದೆ. ಮೇಲಿನ ರಾಘು ಬಾಚಣಿಗೆ ಎಳೆದ ಹಾಗೆ ಗೆರೆಗೆರೆಯಾಗಿ, ಅಲ್ಲಲ್ಲಿ ಕಾಣೆಯಾಗಿದ್ದಾನೆ. ಕೆಳಗಿನ ರಾಘು ಬೆಣ್ಣೆ ಮೆತ್ತಿದ ಹಾಗೆ ದಪ್ಪಗೆ ಕೂತಿದ್ದಾನೆ. ಇದರಲ್ಲಿ ಸಂಕೇತ ಹುಡುಕಬೇಡಿ. ಬಟ್ಟೆ ಧೂಳನ್ನು ಚೆನ್ನಾಗಿ ಹಿಡಿಯುತ್ತದೆ, ಅಷ್ಟೇ.

ನಮ್ಮ ಮನೆಯಲ್ಲಿ ಇಂಥ ಬಟ್ಟೆಗೆ ಎಂದೂ ಬರವಿರಲಿಲ್ಲ. ಅಚ್ಚು ಕೆಟ್ಟ ಅಂಗಿಗಳೆಲ್ಲ ಮನೆಗೇ ಬರುತ್ತಿದ್ದವು. ಮೊದಲು ಮೈಮೇಲೆ, ಆಮೇಲೆ ದಿಂಬಿನ ಮೇಲೆ, ಕೊನೆಗೆ ಒಲೆಕಟ್ಟೆಯ ಮೇಲೆ. ನಾನು ಚಿಕ್ಕಂದಿನಲ್ಲಿ ಊರಿನ ಸಮಸ್ತರ ಸಂಭ್ರಮಗಳನ್ನು ತೊಟ್ಟುಕೊಂಡು ಬೆಳೆದವಳು. ನಾನು ಹೋಗದ ರಕ್ತದಾನ ಶಿಬಿರ, ಓಡದ ಓಟ, ಓದದ ಕಾಲೇಜಿನ ಬೆಳ್ಳಿಹಬ್ಬ. ಮಣಲಿಯ ಯಾವುದೋ ಕಾರ್ಖಾನೆಯ ಸುರಕ್ಷತಾ ಸಪ್ತಾಹದ ಅಂಗಿಯೊಂದರಲ್ಲಿ ಹೆಲ್ಮೆಟ್ಟು ತಲೆಕೆಳಗಾಗಿ ಅಚ್ಚಾಗಿತ್ತು. ಅದನ್ನು ತೊಟ್ಟು ಹಾಲಿನ ಬೂತಿಗೆ ಹೋದರೆ ಬೂತಿನವರು ತಲೆ ಓರೆ ಮಾಡಿ ನೋಡುತ್ತಿದ್ದರು. ಅದು ಬಟ್ಟಲು ಎಂದು ನಾನು ಸಾಧಿಸುತ್ತಿದ್ದೆ. ವಾದದ ಅಭ್ಯಾಸ ಬಹುಶಃ ಅಲ್ಲಿಂದಲೇ ಶುರುವಾಯಿತು.

ನಮ್ಮ ಬಳಗದವರೆಲ್ಲ ಕುಂದಾಪುರದ ಕಡೆಯಿಂದ ಬಂದು ಈ ಊರಲ್ಲಿ ಹೋಟೆಲು ಇಟ್ಟವರು. ಇಲ್ಲವೇ ಇಟ್ಟವರ ಹೋಟೆಲಿನಲ್ಲಿ ನಿಂತವರು. ಅಪ್ಪ, ಚಿಕ್ಕಪ್ಪ ಇಬ್ಬರ ಶುರುವಾತೂ ಅಲ್ಲೇ. ಒಂದು ದಿನ ಸರ್ವರ್‌ಗಳ ಬನಿಯನ್ನಿಗೆ ಹೋಟೆಲಿನ ಹೆಸರು ಅಚ್ಚು ಹಾಕಿಸಿಕೊಂಡು ಬಾ ಎಂದು ಚಿಕ್ಕಪ್ಪನನ್ನು ಮದ್ರಾಸಿನದೇ ಪ್ಯಾರಿಸ್ ಪೇಟೆಯ ಕಡೆಗೆ ಕಳಿಸಿದರಂತೆ. ಇವರು ಅಲ್ಲಿ ಅಚ್ಚು ಬೀಳುವುದನ್ನು ನೋಡುತ್ತ ನಿಂತವರು ಮಧ್ಯಾಹ್ನದ ಊಟದ ಹೊತ್ತಿಗೂ ವಾಪಸಾಗಲಿಲ್ಲ. ಆ ದಿನ ಹೋಟೆಲಿನಲ್ಲಿ ಸಾಂಬಾರು ಬಡಿಸುವವರಿಲ್ಲದೆ ಗಲಾಟೆಯಾಯಿತು. ಹೀಗೆ, ಇಡೀ ಬಳಗದಲ್ಲಿ ಹೋಟೆಲು ಬಿಟ್ಟ ಮೊದಲ ಮನುಷ್ಯ ಎಂಬ ಹೆಸರು ಚಿಕ್ಕಪ್ಪನಿಗೆ ಬಂತು. ಅವರ ಹಿಂದೆಯೇ ಅಪ್ಪ. ಅಪ್ಪನಿಗೆ ಗಿರಾಕಿಗಳ ಜೊತೆ ಮಾತಾಡಲು ಬರುತ್ತಿತ್ತು, ಚಿಕ್ಕಪ್ಪನಿಗೆ ಅಚ್ಚಿನ ಜೊತೆ.

ಸ್ಕ್ರೀನ್ ಅಚ್ಚು ಗೊತ್ತಿಲ್ಲದವರಿಗೆ ಎರಡು ಮಾತು. ಚೌಕಟ್ಟಿಗೆ ಬಿಗಿದ ಸಣ್ಣ ಬಲೆ. ಅದಕ್ಕೆ ಒಂದು ಲೇಪ. ಬೆಳಕು ಬಿದ್ದರೆ ಆ ಲೇಪ ಗಟ್ಟಿಯಾಗುತ್ತದೆ. ಮೇಲೆ ಚಿತ್ರದ ಫಿಲ್ಮ್ ಇಟ್ಟು ಬಿಸಿಲಿಗೆ ಕಾಯಿಸಿದರೆ, ಚಿತ್ರದ ನೆರಳಿದ್ದಲ್ಲಿ ಮಾತ್ರ ಲೇಪ ಹಸಿಯಾಗಿ ಉಳಿದು ನೀರಿಗೆ ಬಿಟ್ಟುಕೊಳ್ಳುತ್ತದೆ. ಆ ಕಿಂಡಿಯ ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿಯ ಸ್ಕ್ವೀಜಿಯಿಂದ ಎಳೆದರೆ ಕೆಳಗಿನ ಬಟ್ಟೆಗೆ ಅಚ್ಚು. ಒಂದು ಬಣ್ಣಕ್ಕೆ ಒಂದು ಚೌಕಟ್ಟು. ದೊಡ್ಡ ಅಂಗಡಿಗಳಲ್ಲಿ ಬೆಳಕು ಕೊಡಲು ಪೆಟ್ಟಿಗೆ ಇರುತ್ತದೆ. ನಮ್ಮಲ್ಲಿ ಮೊಟ್ಟೆಮಾಡಿ ಇತ್ತು. ತಾರಸಿಗೆ ನಮ್ಮ ಮನೆಯಲ್ಲಿ ಯಾರೂ ತಾರಸಿ ಎನ್ನುವುದಿಲ್ಲ. ಅಲ್ಲಿ ಅಮ್ಮನ ಸಂಡಿಗೆಯ ಪಕ್ಕದಲ್ಲಿ ಚೌಕಟ್ಟು ಬಿಸಿಲಿಗೆ ಮಲಗುತ್ತಿತ್ತು.

ಎಷ್ಟು ಹೊತ್ತು? ಇಲ್ಲಿದೆ ನೋಡಿ ಚಿಕ್ಕಪ್ಪನ ವಿದ್ಯೆ. ಅವರು ಗಡಿಯಾರ ನೋಡುತ್ತಿರಲಿಲ್ಲ, ದೇವರನಾಮ ಹಾಡುತ್ತಿದ್ದರು. ಪಲ್ಲವಿ, ಚರಣ, ಮತ್ತೆ ಪಲ್ಲವಿ, ಎತ್ತು ಚೌಕಟ್ಟು. ಮೋಡವಿದ್ದರೆ ಇನ್ನೊಂದು ಚರಣ. ಚಿತ್ತಿರೈ ತಿಂಗಳ ಬೇಸಿಗೆಯ ಬಿಸಿಲಿಗೆ ಪಲ್ಲವಿಯೇ ಧಾರಾಳವಾಗುತ್ತಿತ್ತು. ದಾಸರು ಹಾಡುಗಳನ್ನು ಕಟ್ಟಿದ್ದೇ ಸ್ಕ್ರೀನು ಕಾಯಿಸಲಿಕ್ಕೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ದೇವಸ್ಥಾನದಲ್ಲಿ ಒಬ್ಬರು ಅದೇ ಹಾಡನ್ನು ರಾಗ ಎಳೆದೆಳೆದು ಹಾಡಿದಾಗ, ‘ಲೇಪ ಸುಟ್ಟು ಹೋಗುತ್ತೆ’ ಎಂದು ಅಮ್ಮನ ಕಿವಿಯಲ್ಲಿ ತಮಿಳಿನಲ್ಲಿ ಹೇಳಿ ಏಟು ತಿಂದದ್ದೂ ಉಂಟು. ಏಟು ಅಧಿಕಪ್ರಸಂಗಕ್ಕೋ ತಮಿಳಿಗೋ ಇವತ್ತಿಗೂ ಇತ್ಯರ್ಥವಾಗಿಲ್ಲ.

ಈಗ ಯಂತ್ರ. ಹೊಸ ಶತಮಾನದಲ್ಲಿ ಗಿರಾಕಿಗಳ ಬುದ್ಧಿ ಬದಲಾಯಿತು. ಮೊದಲೆಲ್ಲ ಒಂದೇ ಚಿತ್ರ, ರಾಶಿ ಅಂಗಿ. ಈಗ ಅಂಗಿಗೊಂದು ಚಿತ್ರ, ಬೆನ್ನಿಗೊಂದು ಹೆಸರು, ಅದೂ ಫೋಟೋ, ಅದೂ ನಾಳೆಗೆ. ಒಂದೇ ಅಂಗಿಗಾಗಿ ನಾಲ್ಕು ಚೌಕಟ್ಟು ಮಾಡಲು ಆಗುತ್ತದೆಯೇ? ಬಂದವರನ್ನು ಅಪ್ಪ ಕಾಫಿ ಕೊಟ್ಟು ಕಳಿಸುತ್ತಿದ್ದರು. ಆಮೇಲೊಮ್ಮೆ ತಿರುಪ್ಪೂರಿಗೆ ಹೋಗಿ ಒಂದು ಯಂತ್ರ ನೋಡಿಕೊಂಡು ಬಂದರು. ಕಾಗದಕ್ಕೆ ಪ್ರಿಂಟರ್ ಹೇಗೋ ಅಂಗಿಗೆ ಇದು ಹಾಗೆ. ಕಂಪ್ಯೂಟರಿನಿಂದ ನೇರ ಬಟ್ಟೆಗೆ. ಅಪ್ಪ ಊಟಕ್ಕೆ ಕೂತು ವರ್ಣಿಸಿದರು: ಫಿಲ್ಮ್ ಬೇಡ, ಬಲೆ ಬೇಡ, ಬಿಸಿಲು ಬೇಡ, ಸ್ಕ್ವೀಜಿ ಬೇಡ.

“ನಾನೂ ಬ್ಯಾಡ,” ಎಂದರು ಚಿಕ್ಕಪ್ಪ, ಮಜ್ಜಿಗೆಗೆ ಉಪ್ಪು ಕಲಸುತ್ತ.

ಎಲ್ಲರೂ ನಕ್ಕರು. ಆದರೆ ಮಾತು ತಟ್ಟೆಯ ಪಕ್ಕದಲ್ಲೇ ಕೂತಿತು. ಚಿಕ್ಕಮ್ಮನ ಅಣ್ಣನಿಗೆ ಅಡ್ಯಾರಿನಲ್ಲಿ ಹೋಟೆಲಿತ್ತು. ನಾವು ಅವರನ್ನು ಅಡ್ಯಾರ್ ಮಾವ ಎನ್ನುತ್ತೇವೆ. ಮಾವ ಬಹಳ ದಿನಗಳಿಂದ ಚಿಕ್ಕಪ್ಪನನ್ನು ಕರೆಯುತ್ತಿದ್ದರು: ಬಂದು ಗಲ್ಲಾಪೆಟ್ಟಿಗೆಯಲ್ಲಿ ಕೂರು, ಫ್ಯಾನಿನ ಕೆಳಗೆ, ಬಿಳಿ ಅಂಗಿ ಹಾಕಿಕೊಂಡು, ಬಣ್ಣದ ಕೈಯಲ್ಲಿ ಎಷ್ಟು ದಿನ ಬದುಕ್ತೆ. ಹೋಟೆಲು ಬಿಟ್ಟು ಓಡಿದ ಮೊದಲ ಮನುಷ್ಯ ತಿರುಗಿ ಹೋಟೆಲಿಗೇ ಬರುವುದು ಮಾವನಿಗೆ ಒಂದು ರೀತಿ ಬಳಗದ ಗೆಲುವಾಗಿ ಕಾಣುತ್ತಿತ್ತೋ ಏನೋ.

ಯಂತ್ರ ತರುವುದೋ ಬೇಡವೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ದಿನಗಟ್ಟಲೆ ನಡೆಯಿತು. ಅಪ್ಪ ತೀರ್ಪುಗಾರರು, ನಾನು ಪರ. ಗಿರಾಕಿಯ ಕಾಲ ಬದಲಾದದ್ದು, ಅಚ್ಚು ಎಂದರೆ ಚಿತ್ರವೇ ಹೊರತು ಚೌಕಟ್ಟಲ್ಲ ಎನ್ನುವುದು, ಎತ್ತಿನಗಾಡಿ, ರೈಲು, ಎಲ್ಲ ತಂದೆ. ಚಿಕ್ಕಪ್ಪನದು ಒಂದೇ ಮಾತು. ನೂರು ಜನ ಒಂದೇ ಚಿತ್ರ ಹಾಕಿಕೊಂಡರೆ ಅದು ಒಂದು ಗುಂಪು, ಒಬ್ಬೊಬ್ಬನಿಗೆ ಒಂದೊಂದು ಚಿತ್ರವಾದರೆ ಅದು ಬರೀ ಬಟ್ಟೆ. ಕೇಳಲು ಚೆನ್ನಾಗಿದೆ, ತರ್ಕದಲ್ಲಿ ನಿಲ್ಲುವುದಿಲ್ಲ ಎಂದು ಅಲ್ಲೇ ಬೀಳಿಸಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಸ್ಪರ್ಧೆಗಳಿಗೆ ಹೋಗುವ ಮುನ್ನ ನಾನು ಅಂಗಡಿಯಲ್ಲಿ ಅವರೆದುರೇ ಅಭ್ಯಾಸ ಮಾಡುತ್ತಿದ್ದೆ. ಸ್ಕ್ವೀಜಿ ಎಳೆಯುತ್ತಲೇ ಅವರು ನನ್ನ ಎಷ್ಟೋ ಎದುರಾಳಿಗಳ ಪಾತ್ರ ವಹಿಸಿದ್ದರು.

“ಸರಿ ವಕೀಲಮ್ಮ,” ಎಂದರು. “ಈಗ ನನ್ನ ಬದಿಗೆ ನಿಂತು ಮಾತಾಡ್ ಕಾಂಬ.”

ಇದು ನಮ್ಮ ಹಳೆಯ ಆಟ. ನಿಂತೆ. ಕೈಕಸುಬು, ನೂರು ಸಲ ಒಗೆದರೂ ಹೋಗದ ಬಣ್ಣ, ಕರೆಂಟಿಲ್ಲದ ದಿನವೂ ನಡೆಯುವ ಅಂಗಡಿ, ಕೆಟ್ಟರೆ ನಾವೇ ರಿಪೇರಿ ಮಾಡಿಕೊಳ್ಳಬಹುದಾದ ಸಾಧನ, ಹೀಗೆ ಶುರು ಮಾಡಿದವಳು ಎಲ್ಲಿಗೆ ತಂದು ನಿಲ್ಲಿಸಿದೆ ಎಂದರೆ ಅಪ್ಪ ಕಣ್ಣುಜ್ಜಿಕೊಂಡು, ಹಾಗಾದರೆ ಯಂತ್ರ ಬೇಡವೇ ಬೇಡ ಎಂದುಬಿಟ್ಟರು. ಚಿಕ್ಕಪ್ಪ ನನ್ನನ್ನೇ ನೋಡಿದರು.

“ಎರಡೂ ಬದಿ ನೀನೇ ಗೆದ್ದೆ. ನೀ ಯಾವ ಬದಿಗೆ ಮಾರಾಯ್ತಿ?”

ಚರ್ಚಾಸ್ಪರ್ಧೆಯಲ್ಲಿ ಯಾರೂ ಆ ಪ್ರಶ್ನೆ ಕೇಳುವುದಿಲ್ಲ. ನಾನು ನೀರು ತರಲು ಎದ್ದೆ.

ಯಂತ್ರ ಬಂತು. ಅಪ್ಪ ಮರುದಿನವೇ ಮನಸ್ಸು ಬದಲಾಯಿಸಿದ್ದರು. ಒಬ್ಬ ಮೆಕ್ಯಾನಿಕ್ ಬಂದು ಜೋಡಿಸಿಕೊಟ್ಟ. ಕಪ್ಪು ಅಂಗಿಗೆ ಅಚ್ಚು ಹಾಕುವಾಗ ಮೊದಲು ಬಿಳಿ ಬಣ್ಣ ಹಾಸಬೇಕು, ಅದರ ಮೇಲೆ ಉಳಿದದ್ದು. ಆ ಬಿಳಿಯೇ ಇಡೀ ಯಂತ್ರದ ಗಂಡಾಂತರ ಎಂದು ಅವನು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ. ಸುಮ್ಮನೆ ಬಿಟ್ಟರೆ ಅದು ತಳ ಹಿಡಿಯುತ್ತದೆ, ಕೂದಲಿಗಿಂತ ಸಣ್ಣ ತೂತುಗಳಲ್ಲಿ ಒಣಗಿ ಕೂರುತ್ತದೆ. “ಡೈಲಿ ಕಾಲೈಲೆ ಕುಲುಕ್ಕಣುಂ ಸಾರ್. ಒರು ನಾಳ್ ಕೂಡ ವಿಡಕ್ಕೂಡಾದು.” ದಿನಾ ಬೆಳಿಗ್ಗೆ ಕುಲುಕಬೇಕು, ಒಂದು ದಿನವೂ ಬಿಡಕೂಡದು. ಅಪ್ಪ ತಲೆಯಾಡಿಸಿದರು. ನಾನು ತಲೆಯಾಡಿಸಿದೆ. ಚಿಕ್ಕಪ್ಪನೂ ತಲೆಯಾಡಿಸಿದರು. ಇದನ್ನು ನೀವು ಗಮನದಲ್ಲಿಡಬೇಕು.

ಆ ದಿನವೇ ಚಿಕ್ಕಪ್ಪ ಅಪ್ಪನಿಗೆ ತಮ್ಮ ನಿರ್ಧಾರ ಹೇಳಿದರು. ನವರಾತ್ರಿ ಮುಗಿಯಲಿ, ವಿಜಯದಶಮಿ ಒಳ್ಳೇ ದಿನ, ಅಡ್ಯಾರಿಗೆ ಹೋಗಿ ಗಲ್ಲಾಪೆಟ್ಟಿಗೆಯಲ್ಲಿ ಕೂರುತ್ತೇನೆ. ಜಗಳವಿಲ್ಲ, ಮುನಿಸಿಲ್ಲ. ಅಪ್ಪ ಲೆಕ್ಕದ ಪುಸ್ತಕ ತೆರೆದು ಕೂತರು. ಹೇಳಬೇಕಾದದ್ದೆಲ್ಲ ಅವರ ಗಂಟಲಲ್ಲೇ ತಳ ಹಿಡಿದಿತ್ತೆಂದು ಕಾಣುತ್ತದೆ. ಅಂದಿನಿಂದ ಅಂಗಡಿಯಲ್ಲಿ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ವಿಪರೀತ ಮರ್ಯಾದೆ ಕೊಡತೊಡಗಿದರು. ನೋಡಲಾಗುತ್ತಿರಲಿಲ್ಲ.

ಈ ನಡುವೆ ಒಂದು ಕೆಲಸ ಬಂತು. ಊರಿನ ಹೋಟೆಲುಗಳಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗರು ದಸರೆಯ ನಂತರದ ಭಾನುವಾರ ಕ್ರಿಕೆಟ್ ಆಡುತ್ತಾರೆ. ಅಡ್ಯಾರ್ ಮಾವನ ಹೋಟೆಲಿನ ತಂಡಕ್ಕೆ ಕಪ್ಪು ಟೀ ಶರ್ಟು, ಪ್ರತಿ ಬೆನ್ನಿಗೂ ಅವರವರ ಹೆಸರು, ಬಿಳಿಯಲ್ಲಿ. ಯಂತ್ರಕ್ಕೆಂದೇ ಹೇಳಿ ಮಾಡಿಸಿದ ಕೆಲಸ. ಹಬ್ಬ ಮುಗಿದ ಮೇಲೆ ಒಂದೇ ಬೆಳಿಗ್ಗೆಯಲ್ಲಿ ಮುಗಿಸಿದರಾಯಿತು ಎಂದರು ಅಪ್ಪ.

ಆಯುಧಪೂಜೆ. ಇದರ ಬಗ್ಗೆ ನಮ್ಮ ಅಂಗಡಿಯಲ್ಲಿ ಒಂದು ಹಟವಿದೆ. ಅಕ್ಕಪಕ್ಕದ ತಮಿಳರ ಅಂಗಡಿಗಳಲ್ಲಿ ನವಮಿಯ ಒಂದು ದಿನ ಪೂಜೆ, ಮರುದಿನ ಕೆಲಸ. ಚಿಕ್ಕಪ್ಪನದು ಊರಿನ ಲೆಕ್ಕ. ಮೂಲಾ ನಕ್ಷತ್ರದ ದಿನ ಪುಸ್ತಕ ಇಟ್ಟರೆ ದಶಮಿಯವರೆಗೆ ಮುಟ್ಟುವ ಹಾಗಿಲ್ಲ. ಪುಸ್ತಕಕ್ಕೆ ಇರುವ ರಜೆ ಸ್ಕ್ವೀಜಿಗೆ ಏಕಿಲ್ಲ? ಹಾಗಾಗಿ ಅಂದೇ ಚೌಕಟ್ಟುಗಳಿಗೆಲ್ಲ ಸ್ನಾನ, ಸ್ಕ್ವೀಜಿಗಳಿಗೆ ಗಂಧ, ಎಲ್ಲ ಬಾಳೆ ಎಲೆಯ ಮೇಲೆ ಸಾಲಾಗಿ. ಜಡವಸ್ತುಗಳಿಗೆ ವಿಶ್ರಾಂತಿ ಏತಕ್ಕೆ ಎಂದು ನಾನು ಹೈಸ್ಕೂಲಿನಲ್ಲಿರುವಾಗಲೇ ಸವಾಲು ಹಾಕಿದ್ದೆ. ವಿಶ್ರಾಂತಿ ಅದಕ್ಕಲ್ಲ, ಅದನ್ನು ಹಿಡಿಯುವ ಕೈಗೆ, ಕೈ ತಾನಾಗಿ ಬಿಡುವುದಿಲ್ಲವಲ್ಲ ಎಂದಿದ್ದರು. ಆ ವಾದದಲ್ಲಿ ನಾನು ಸೋತಿದ್ದೆ. ಗೆದ್ದವಳ ಹಾಗೆ ಮುಖ ಮಾಡಿಕೊಂಡು ಪಾಠಪುಸ್ತಕಗಳನ್ನೂ ತಂದು ಸಾಲಿಗೆ ಸೇರಿಸಿದ್ದೆ. ಗಣಿತವನ್ನು ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದೆ.

ಆ ವರ್ಷ ಚಿಕ್ಕಪ್ಪ ಎಲ್ಲವನ್ನೂ ಎಂದಿಗಿಂತ ನಿಧಾನವಾಗಿ ತೊಳೆದರು. ಕೊನೆಯ ಸಲ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹತ್ತಿರ ಹೋಗಲಿಲ್ಲ. ಆಮೇಲೆ ಒಳಕೋಣೆಗೆ ಹೋಗಿ ಯಂತ್ರದ ಮೈ ಒರೆಸಿದರು. ಪ್ಲಗ್ ಕಿತ್ತರು. ಎ.ಸಿ. ಆರಿಸಿದರು. ಹೊಸ ಜರಿಪಂಚೆಯೊಂದನ್ನು ಮದುಮಗನಿಗೆ ಹೊದಿಸುವ ಹಾಗೆ ಹೊದಿಸಿದರು. ಅಪ್ಪ ಬಾಗಿಲಲ್ಲಿ ನಿಂತು, ಇದಕ್ಕೂ ಬೇಕಾ ಎಂದರು.

“ಇದೂ ಆಯುಧ ಅಲ್ದಾ ಅಣ್ಣ? ಇದಕ್ಕೆ ಮಾತ್ರ ಬ್ಯಾಡ ಅಂದ್ರೆ ಹೊರಗಿನದ್ದ್ ಅಂದ ಹಾಂಗೆ ಆತ್.”

ತಾನು ಬಿಟ್ಟು ಹೋಗುವಾಗ, ತನ್ನ ಜಾಗಕ್ಕೆ ಬಂದದ್ದನ್ನು ಮನೆಯದೆಂದು ಒಪ್ಪಿಕೊಳ್ಳುತ್ತಿರುವ ತಮ್ಮನಿಗೆ ಯಾವ ಅಣ್ಣ ‘ಬೇಡ’ ಎನ್ನುತ್ತಾನೆ? ಅಪ್ಪನ ಕಣ್ಣಲ್ಲಿ ನೀರು ಬಂತು. ಅಮ್ಮ ಕುಂಕುಮದ ಬಟ್ಟಲು ತಂದರು. ಕುಲುಕಬೇಕೆಂಬ ಮಾತು ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ. ಅಥವಾ, ಯಾರಿಗೂ ನೆನಪಾಗಲಿಲ್ಲ ಎಂದು ಕತೆ ಹೇಳುತ್ತದೆ.

ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿಯಾಯಿತು. ಚಿಕ್ಕಪ್ಪ ಬಿಳಿ ಅಂಗಿ ತೊಟ್ಟಿದ್ದರು. ಅಡ್ಯಾರ್ ಮಾವ ಕಾರು ತಂದು ಬೀದಿಯಲ್ಲಿ ನಿಲ್ಲಿಸಿದ್ದರು. ಹೊರಡುವ ಮೊದಲು ಹುಡುಗರ ಅಂಗಿಯ ಒಂದು ಅಚ್ಚು ನೋಡೋಣ ಎಂದು ಅಪ್ಪ ಯಂತ್ರ ಹಚ್ಚಿದರು. ಅದು ಗುರುಗುಟ್ಟಿತು, ಓಡಾಡಿತು, ರಾಘುವನ್ನು ಹೊರಗೆ ಹಾಕಿತು. ಗೆರೆಗೆರೆಯ ರಾಘು. ಇನ್ನೊಂದು ಅಂಗಿಗೆ ಹಾಕಿದರೆ ರಾಘುವಿನ ಸೊಂಟದ ಕೆಳಗೆ ಏನೂ ಇಲ್ಲ. ಮೂರನೇ ಸಲ ಬರೀ ಕಪ್ಪು ಬಟ್ಟೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಅವನು ಹಬ್ಬಕ್ಕೆ ಊರಿಗೆ ಹೋಗಿದ್ದ. ಎಷ್ಟು ದಿನ ನಿಲ್ಲಿಸಿದ್ದಿರಿ ಎಂದು ಕೇಳಿದ. ಅಪ್ಪ ಹೇಳಿದರು. ಆ ಕಡೆ ಅವನು ತಮಿಳಿನಲ್ಲಿ ದೇವರನ್ನು ಕರೆದದ್ದು ನಮಗೆಲ್ಲ ಕೇಳಿಸಿತು.

ಮಾವ ಒಳಗೆ ಬಂದು ಎಲ್ಲ ತಿಳಿದುಕೊಂಡರು. ನಕ್ಕರು, ಆಮೇಲೆ ಭಾನುವಾರದ ನೆನಪಾಗಿ ನಗು ನಿಲ್ಲಿಸಿದರು. ಹುಡುಗರು ಬೋಳು ಬೆನ್ನಿನಲ್ಲಿ ಆಡುವುದೆಂದರೆ ಎದುರು ತಂಡದ ಹೋಟೆಲಿನವರು ವರ್ಷವಿಡೀ ಆಡಿಕೊಳ್ಳುತ್ತಾರೆ. ಚಿಕ್ಕಪ್ಪ ಬಿಳಿ ಅಂಗಿ ಕಳಚಿ ಮೊಳೆಗೆ ಹಾಕಿದರು. ಹೆಸರುಗಳನ್ನೆಲ್ಲ ಒಂದರ ಕೆಳಗೊಂದು ಬರುವ ಹಾಗೆ ಫಿಲ್ಮಿಗೆ ಹಾಕಿಸಿದರೆ ಒಂದೊಂದು ಚೌಕಟ್ಟಿನಲ್ಲೇ ಹಲವು ಹೆಸರು ಹಿಡಿಸುತ್ತದೆ, ಬೇಡದ್ದಕ್ಕೆ ಟೇಪು ಅಂಟಿಸಿ ಒಂದೊಂದೇ ಎಳೆದರಾಯಿತು ಎಂದರು. ಲೇಪ ಒಣಗಲು ಹೊತ್ತು ಬೇಕಲ್ಲ ಎಂದು ಅಪ್ಪ ಕೈ ಹಿಸುಕಿಕೊಂಡರು. ಚಿಕ್ಕಪ್ಪ ಮೂಲೆಯ ಕತ್ತಲೆ ಬೀರುವನ್ನು ಸ್ವಲ್ಪವೇ ತೆರೆದು, ಲೇಪ ಹಚ್ಚಿ ಒಣಗಿಸಿಟ್ಟಿದ್ದ ಚೌಕಟ್ಟುಗಳನ್ನು ಹೊರತೆಗೆದರು.

ಮೋಡ ಕವಿದಿತ್ತು, ಐಪ್ಪಸಿ ತಿಂಗಳ ಮಳೆ ಬರುವ ಹಾಗಿತ್ತು. ಮೊಟ್ಟೆಮಾಡಿಯ ಮೇಲೆ ಚಿಕ್ಕಪ್ಪ ಪಲ್ಲವಿ ಎತ್ತಿ ಚರಣದ ಮೇಲೆ ಚರಣ ಹಾಡಿದರು. ನಾನು ಕೇಳಿರದ ಚರಣಗಳನ್ನೂ ಹಾಡಿದರು. ಅಡ್ಯಾರ್ ಮಾವ ಕಟ್ಟೆಯ ಮೇಲೆ ಕೂತು ತಾಳ ಹಾಕಿದರು. ಮಧ್ಯಾಹ್ನಕ್ಕೆ ಮೊದಲ ಎಳೆತ, ಮೊದಲು ಕೆಟ್ಟು ಹೋದ ಅದೇ ಅಂಗಿಯ ಮೇಲೆ, ಗೆರೆಗೆರೆಯ ರಾಘುವಿನ ಕೆಳಗೆ: ದಪ್ಪ ರಾಘು. ಭಾನುವಾರ ಹುಡುಗರು ಸೋತರು, ಆದರೆ ಹೆಸರು ಸಮೇತ ಸೋತರು.

ಕಾರು ಖಾಲಿಯೇ ವಾಪಸು ಹೋಯಿತು. ಮರುದಿನ ಬರುತ್ತೇನೆ ಎಂದರು ಚಿಕ್ಕಪ್ಪ. ಮರುದಿನ ಅಪ್ಪ, ಯಂತ್ರ ಸರಿಯಾಗುವವರೆಗೆ ಇರು ಎಂದರು. ಒಣಗಿ ಕೆಟ್ಟಿದ್ದ, ಬಣ್ಣ ಚಿಮ್ಮುವ ತಲೆಯನ್ನು ಬದಲಿಸಿ ಯಂತ್ರ ಸರಿಯಾದ ದಿನ ಅಪ್ಪ ಇನ್ನೊಂದು ಮಾತು ಹೇಳಿದರು. ಗಂಟಲಿನ ತಳದಲ್ಲಿದ್ದದ್ದು ಅದೇ ಇರಬೇಕು. “ನೀ ಇಲ್ದಿದ್ರೆ ನಂಗೆ ಈ ಅಂಗಡಿ ಬ್ಯಾಡ ಮಾರಾಯ.” ಇದನ್ನು ಮೊದಲೇ ಹೇಳಿದ್ದರೆ ಯಂತ್ರದ ತಲೆ ಉಳಿಯುತ್ತಿತ್ತು. ಅದೇ ಸಂಜೆ ಅಡ್ಯಾರಿಗೆ ಫೋನ್ ಹೋಯಿತು. ಮಾವ ಗಲ್ಲಾಪೆಟ್ಟಿಗೆಗೆ ಬೇರೆಯವರನ್ನು ಹುಡುಕಿಕೊಂಡರು. ಅಂದಿನಿಂದ ಮದುವೆಮನೆಗಳಲ್ಲಿ ಈ ಕತೆಯನ್ನು ಎಲ್ಲರಿಗಿಂತ ಹೆಚ್ಚು ಹೇಳುವವರು ಅವರೇ.

ಈಗ ಅಂಗಡಿಯಲ್ಲಿ ಎರಡೂ ಉಂಟು. ಗುಂಪಿಗೆ ಚೌಕಟ್ಟು, ಒಬ್ಬೊಬ್ಬರಿಗೆ ಯಂತ್ರ. ಬೆಳಿಗ್ಗೆ ಬಿಳಿ ಬಣ್ಣ ಕುಲುಕುವವರು ಚಿಕ್ಕಪ್ಪನೇ. ಒಂದು ಪಲ್ಲವಿ, ಒಂದು ಚರಣದಷ್ಟು. ಮುಂದಿನ ವರ್ಷದ ಆಯುಧಪೂಜೆಗೆ ಯಂತ್ರವನ್ನು ಏನು ಮಾಡುವುದೆಂಬ ಧರ್ಮಸಂಕಟವನ್ನು ಅಮ್ಮ ಬಿಡಿಸಿದರು. ಹಾಲು ಕುಡಿವ ಮಗುವಿಗೆ ಏಕಾದಶಿ ಇಲ್ಲ, ಕುಂಕುಮ ಹಚ್ಚಿ, ಕುಲುಕಿ, ಕೈ ಮುಗಿಯಿರಿ ಎಂದರು. ಚಿಕ್ಕಪ್ಪ ಒಂದು ಮಾತೂ ಎದುರಾಡದೆ ಒಪ್ಪಿಕೊಂಡರು. ಇಷ್ಟು ಸುಲಭಕ್ಕೆ ಒಪ್ಪಿದ್ದೇ ನನ್ನ ಅನುಮಾನಕ್ಕೆ ನೀರೆರೆಯಿತು.

ಇನ್ನು ಆ ಮೂರನೆಯದು. ಚಿಕ್ಕಪ್ಪನ ಪೂಜೆಯಲ್ಲಿ ಅಂಗಡಿಯ ಪ್ರತಿಯೊಂದು ಚೌಕಟ್ಟೂ ಎಲೆಯ ಮೇಲೆ ಇರಬೇಕು. ಮುರಿದದ್ದಕ್ಕೂ ಗಂಧ ಬೀಳುತ್ತದೆ. ಹೊರಗಿನದೆಂದು ಅನ್ನಿಸಬಾರದೆಂದು ಯಂತ್ರಕ್ಕೂ ಪಂಚೆ ಹೊದಿಸಿದ ಮನುಷ್ಯ ಅವರು. ಅಂಥವರು ಅಂಗಡಿ ಬಿಟ್ಟು ಹೋಗುವ ವಾರದಲ್ಲಿ ಕೆಲವು ಚೌಕಟ್ಟುಗಳಿಗೆ ಮಾತ್ರ ಪೂಜೆ ತಪ್ಪಿಸಿ, ಹಸಿ ಲೇಪ ಹಚ್ಚಿ, ಕತ್ತಲೆಯಲ್ಲಿ ಇಡುತ್ತಾರೆಂದರೆ? ಲೇಪ ಹಚ್ಚಿದ ಚೌಕಟ್ಟು ಹೆಚ್ಚು ದಿನ ತಾಳುವುದೂ ಇಲ್ಲ. ದಶಮಿಯ ದಿನವೇ ಅವು ಬೇಕಾಗುತ್ತವೆಂದು ಮೊದಲೇ ಗೊತ್ತಿದ್ದವರು ಮಾತ್ರ ಹಾಗೆ ಇಡುತ್ತಾರೆ. ಇದನ್ನು ನಾನು ಯಾವ ಮದುವೆಮನೆಯಲ್ಲೂ ಎತ್ತಿಲ್ಲ. ಅಲ್ಲಿ ಅವರು ಪೆದ್ದನಾಗಿ ನಗುತ್ತಿರುತ್ತಾರೆ. ಆ ನಗುವಿನಲ್ಲಿ ಒಂದು ನೆಮ್ಮದಿ ಇರುವುದನ್ನು ನಾನು ನೋಡಿದ್ದೇನೆ.

ಆದರೆ ಇವತ್ತು ಈ ಒರೆಸುವ ಬಟ್ಟೆ ಹಿಡಿದುಕೊಂಡೇ ಅಂಗಡಿಗೆ ಹೋದೆ. ಅವರು ಬಿಳಿ ಬಣ್ಣದ ಬಾಟಲಿ ಕುಲುಕುತ್ತಿದ್ದರು. ಪಲ್ಲವಿ ಮುಗಿದು ಚರಣ ನಡೆದಿತ್ತು. ನಾನು ಬಟ್ಟೆಯನ್ನು ಎದುರಿಗೆ ಹರಡಿ ನಿಂತೆ. ಅವರು ಎರಡೂ ರಾಘುಗಳನ್ನು ನೋಡಿದರು, ನನ್ನನ್ನು ನೋಡಿದರು, ಚರಣ ಮುಗಿಸಿದರು. ಬಣ್ಣ ಕದಡಿಯಾಗಿತ್ತು, ಬಾಟಲಿ ಕೆಳಗಿಡಬಹುದಿತ್ತು. ಇಡಲಿಲ್ಲ. ಮೋಡವಿಲ್ಲದ ಬೆಳಿಗ್ಗೆಯಲ್ಲಿ, ಬಾಟಲಿ ಕುಲುಕುತ್ತಲೇ ಇನ್ನೊಂದು ಚರಣ ಎತ್ತಿಕೊಂಡರು.

“ಚಿಕ್ಕಪ್ಪ, ಆ ಚೌಕಟ್ಟುಗಳನ್ನ ಪೂಜೆಗೆ ಎಂತಕ್ಕೆ ಇಡಲಿಲ್ಲೆ?”